ಆಡಿದ ಮಾತು, ಬರೆದಿಟ್ಟ ಮಾತು: ಬ್ರಿಟಿಷ್ ಸಂಸತ್ತಿನಲ್ಲಿ ದಾದಾಭಾಯಿ ನವರೋಜಿ

ಮೂವತ್ತೊಂದು ವರ್ಷ ನಾನು ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್‌ನಲ್ಲಿ ಓಡಾಡಿದವಳು. ಈಗ ಅದು ಸಿಎಸ್‌ಎಂಟಿ. ನನ್ನ ಬಾಯಿಗೆ ಮಾತ್ರ ಇನ್ನೂ ವಿ.ಟಿ. ಎಂದೇ ಬರುತ್ತದೆ. ಸ್ಟೇಷನ್ನಿನಿಂದ ಹೊರಬಿದ್ದು, ಸಬ್‌ವೇ ದಾಟಿ, ಪೆನ್ನು, ಕೈಗಡಿಯಾರ, ಕರವಸ್ತ್ರ ಮಾರುವವರ ನಡುವೆ ನುಸುಳಿಕೊಂಡು ಕಚೇರಿ ಸೇರಬೇಕಿತ್ತು. ಆ ರಸ್ತೆಯನ್ನು ಎಲ್ಲರೂ ಡಿ.ಎನ್. ರೋಡ್ ಅನ್ನುತ್ತಾರೆ. ಡಿ.ಎನ್. ಎಂದರೆ ದಾದಾಭಾಯಿ ನವರೋಜಿ ಎಂದು ಗೊತ್ತಿತ್ತು. ಧಾರವಾಡದ ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಅವರ ಹೆಸರು ಬರೆದದ್ದೂ ನೆನಪಿತ್ತು. ಅಷ್ಟೇ. ಆ ಮನುಷ್ಯ ಲಂಡನ್ನಿನ ಸಂಸತ್ತಿನಲ್ಲಿ ಎದ್ದು ನಿಂತು ಏನು ಮಾತಾಡಿದರು, ಆ ಮಾತಿನಿಂದ ಏನಾಯಿತು ಎಂದು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನನಗೆ ಕೇಳಬೇಕೆನಿಸಲಿಲ್ಲ. ಸಮಯಕ್ಕೆ ಮಸ್ಟರ್ ಮೇಲೆ ಸಹಿ ಬೀಳಬೇಕಲ್ಲ!

ನಿವೃತ್ತಿಯ ನಂತರ ಪಕ್ಕದ ಮನೆಯ ಹುಡುಗಿಯ ಶಾಲಾ ಪ್ರಾಜೆಕ್ಟಿಗೆ ಸಹಾಯ ಮಾಡಲು ಕುಳಿತಾಗ ದಾದಾಭಾಯಿಯವರನ್ನು ಸರಿಯಾಗಿ ಓದಿದೆ. 1901ರಲ್ಲಿ ಪ್ರಕಟವಾದ ಅವರ ದಪ್ಪ ಪುಸ್ತಕ, 'ಪಾವರ್ಟಿ ಆ್ಯಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ', ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ತಿರುವುತ್ತಿದ್ದಾಗ ನಮ್ಮ ಮೈಸೂರಿನ ವಿಷಯ ಕಣ್ಣಿಗೆ ಬಿತ್ತು. ಪಾರ್ಸಿ ಹಿರಿಯರ ಪುಸ್ತಕದಲ್ಲಿ ಮೈಸೂರಿಗೇನು ಕೆಲಸ ಎಂದು ಹುಡುಕುತ್ತ ಹೋದವಳಿಗೆ ಸಿಕ್ಕ ಕಥೆಯನ್ನೇ ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅದಕ್ಕೆ ಮೊದಲು ನನ್ನದೇ ಒಂದು ಸಣ್ಣ ಕಥೆ ಹೇಳಬೇಕು. ಅದಿಲ್ಲದಿದ್ದರೆ ದಾದಾಭಾಯಿಯವರ ಕಥೆ ನನಗೆ ಇಷ್ಟು ನಾಟುತ್ತಿರಲಿಲ್ಲ.

ಬಹಳ ವರ್ಷಗಳ ಹಿಂದಿನ ಮಾತು. ಈ ಕಡೆಯ ಒಂದು ಕನ್ನಡ ಸಂಸ್ಥೆಯ ವಾರ್ಷಿಕ ಮಹಾಸಭೆಯಲ್ಲಿ ನಾವು ಐದಾರು ಹೆಂಗಸರು ಒಂದು ಬೇಡಿಕೆ ಇಟ್ಟೆವು. ಭಾನುವಾರ ಬೆಳಿಗ್ಗೆ ಎರಡು ತಾಸು ಹಾಲ್ ಕೊಡಿ, ನಮ್ಮ ಮಕ್ಕಳಿಗೆ ನಾವೇ ಕನ್ನಡ ಓದುಬರಹ ಕಲಿಸುತ್ತೇವೆ ಎಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ಆಗಲಿ ಎಂದರು. ನಾವು ಖುಷಿಯಿಂದ ಮನೆಗೆ ಹೋದೆವು. ಅಷ್ಟರಲ್ಲಿ ಕಾರ್ಯಕಾರಿ ಸಮಿತಿ ಬದಲಾಯಿತು. ಹೊಸಬರು ನಡಾವಳಿ ಪುಸ್ತಕ ತೆಗೆದು ನೋಡಿದರು. ಅದರಲ್ಲಿ ಲೆಕ್ಕಪತ್ರದ ಅಂಗೀಕಾರ ಇತ್ತು, ವಂದನಾರ್ಪಣೆ ಇತ್ತು, ಉಪಾಹಾರದ ವ್ಯವಸ್ಥೆ ಮಾಡಿದ ಮಹಿಳೆಯರಿಗೆ ಧನ್ಯವಾದವೂ ಇತ್ತು. ನಮ್ಮ ಬೇಡಿಕೆ ಮಾತ್ರ ಇರಲಿಲ್ಲ. "ಠರಾವು ಎಲ್ಲಿದೆ ತೋರಿಸಿ" ಎಂದರು. ಅವರದೂ ತಪ್ಪಿಲ್ಲ. ಬರೆಯದೇ ಇದ್ದುದನ್ನು ತೋರಿಸುವುದು ಎಲ್ಲಿಂದ? ತರಗತಿ ಶುರುವಾಗಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಹಿರಿಯ ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಳು. ಟ್ಯೂಷನ್, ಪರೀಕ್ಷೆ ಎಂದು ಅವಳಿಗೆ ಭಾನುವಾರವೇ ಇಲ್ಲವಾಯಿತು. ಅವಳು ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತಾಳೆ. ಓದಲು ಬರುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದಳು ನಮ್ಮಜ್ಜಿ. ಬಾಯಿ ಹಿಡಿತದಲ್ಲಿರಲಿ ಎಂದು ಹೇಳಿದ ಮಾತು ಅದು. ನನಗೆ ಅಂದು ಅದರ ಇನ್ನೊಂದು ಅರ್ಥ ಹೊಳೆಯಿತು. ಬರೆದಿಡದ ಮಾತು ನಿಜಕ್ಕೂ ಹೋಗಿಬಿಡುತ್ತದೆ.

ಆಡಿದ ಮಾತನ್ನು ಹೋಗಲು ಬಿಡದವರು ದಾದಾಭಾಯಿ. ತಮ್ಮ ಮಾತನ್ನಷ್ಟೇ ಅಲ್ಲ, ಎದುರಾಳಿಯ ಮಾತನ್ನೂ.

1825ರ ಸೆಪ್ಟೆಂಬರ್ 4ರಂದು ಹುಟ್ಟಿದ ಅವರು ನಾಲ್ಕು ವರ್ಷದವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬೆಳೆಸಿದವರು ತಾಯಿ ಮಾಣೆಕ್‌ಬಾಯಿ. ಅಕ್ಷರ ಬಾರದ ತಾಯಿ, ಮಗನನ್ನು ಓದಿಸಿದರು. ಮಗ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ ಅಲ್ಲೇ ಗಣಿತದ ಪ್ರಾಧ್ಯಾಪಕರಾದರು. ಪ್ರಾಧ್ಯಾಪಕರಾಗುವುದಕ್ಕೂ ಮೊದಲೇ, 1849ರಲ್ಲಿ, ಅವರು ಮತ್ತು ಅವರ ಗೆಳೆಯರು ಮುಂಬಯಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. ಸಂಬಳವಿಲ್ಲದೆ ತಾವೇ ಪಾಠ ಹೇಳಿದರು. ಮನೆ ಮನೆ ತಿರುಗಿ, ನಿಮ್ಮ ಹುಡುಗಿಯನ್ನು ಕಳಿಸಿ ಎಂದು ತಂದೆಯರನ್ನು ಬೇಡಿದರು. ಈ ಕೆಲಸದಲ್ಲಿ ಮಗನ ಬೆನ್ನಿಗೆ ನಿಂತವರು ಅದೇ ಮಾಣೆಕ್‌ಬಾಯಿ. ತಾನು ಏನಾಗಿದ್ದೇನೋ ಅದು ತಾಯಿಯಿಂದ ಎಂದು ದಾದಾಭಾಯಿ ಮುಂದೆ ನೆನೆದಿದ್ದಾರೆ.

ಇವೆಲ್ಲ ನಡೆಯುತ್ತಿದ್ದ ಕಾಲದಲ್ಲೇ ನಮ್ಮ ರೈಲೂ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಈ ರೈಲಿಗೆ ಹಣ ಹೂಡಿದ ಇಂಗ್ಲೆಂಡಿನ ಷೇರುದಾರರಿಗೆ ಲಾಭವಾಗಲಿ ಬಿಡಲಿ, ಶೇಕಡಾ 5ರಷ್ಟು ಬಡ್ಡಿ ಖಾತರಿ ಎಂದು ಬರೆದುಕೊಡಲಾಗಿತ್ತು. ಗಳಿಕೆ ಕಡಿಮೆ ಬಿದ್ದರೆ ಭಾರತದ ಕಂದಾಯದಿಂದ ತುಂಬಿಕೊಡಬೇಕು. ದಾದಾಭಾಯಿ ರೈಲನ್ನು ವಿರೋಧಿಸಿದವರಲ್ಲ. ಬೇರೆ ದೇಶಗಳೂ ಸಾಲ ಮಾಡಿ ರೈಲು ಹಾಕುತ್ತವೆ, ಆದರೆ ಅಲ್ಲಿ ದೊಡ್ಡ ಸಂಬಳಗಳಾದರೂ ಆ ದೇಶದವರ ಮನೆಗೇ ಹೋಗುತ್ತವೆ, ಇಲ್ಲಿ ಬಡ್ಡಿಯೂ ಹೊರಗೆ, ಸಂಬಳವೂ ಹೊರಗೆ ಎಂಬುದು ಅವರ ತಕರಾರು. ನಾವು ದಿನಾ ಹತ್ತಿಳಿಯುವ ಹಳಿಯ ಲೆಕ್ಕವನ್ನು ಅವರು ಹೀಗೆ ಹಾಕಿದ್ದರು.

1855ರಲ್ಲಿ ವ್ಯಾಪಾರದ ನಿಮಿತ್ತ ಅವರು ಲಂಡನ್ನಿಗೆ ಹೋದರು. ಅಲ್ಲಿ ಒಂದು ವಿಷಯ ಅವರಿಗೆ ಸ್ಪಷ್ಟವಾಯಿತು. ಭಾರತದ ಹಣೆಬರಹ ಬರೆಯುವುದು ಕಲ್ಕತ್ತೆಯಲ್ಲಲ್ಲ, ಮುಂಬಯಿಯಲ್ಲಲ್ಲ, ಥೇಮ್ಸ್ ನದಿಯ ದಂಡೆಯ ಸಂಸತ್ತಿನಲ್ಲಿ. ಆ ಸಭೆಗೆ ಭಾರತದ ಬಗ್ಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸಕ್ತಿಯೂ ಕಡಿಮೆ. 1866ರಲ್ಲಿ ಅವರು ಈಸ್ಟ್ ಇಂಡಿಯಾ ಅಸೋಸಿಯೇಷನ್ ಸ್ಥಾಪನೆಗೆ ಮುಂದಾದರು. 1867ರ ಮೇ 2ರಂದು ಅದರ ಸಭೆಯಲ್ಲಿ ಭಾರತಕ್ಕೆ ಇಂಗ್ಲೆಂಡಿನ ಕರ್ತವ್ಯಗಳೇನು ಎಂಬ ಪ್ರಬಂಧ ಓದಿದರು. ಭಾರತದ ಸಂಪತ್ತು ವರ್ಷ ವರ್ಷ ಹೊರಗೆ ಸೋರಿಹೋಗುತ್ತಿದೆ ಎಂಬ ವಾದವನ್ನು ಅಂದು ಮುಂದಿಟ್ಟರು.

ಅದೇ ತಿಂಗಳು, ಅದೇ ಊರಿನಲ್ಲಿ, ನಮ್ಮ ಮೈಸೂರು ಸಂಸತ್ತಿನ ಕಾಮನ್ಸ್ ಸಭೆಗೆ ಬಂತು.

ಮೈಸೂರಿನ ಸಂಗತಿ ನಿಮಗೆ ಗೊತ್ತಿರುವುದೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. 1831ರಲ್ಲಿ, ನಗರದ ದಂಗೆಯ ನೆಪದಲ್ಲಿ, ಆಡಳಿತವನ್ನು ತಾವೇ ತೆಗೆದುಕೊಂಡರು. ಮುಮ್ಮಡಿಯವರು ಮೂರೂವರೆ ದಶಕ ಅರ್ಜಿಯ ಮೇಲೆ ಅರ್ಜಿ ಬರೆದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಕಲ್ಕತ್ತೆಯ ಸರಕಾರ ಆ ದತ್ತಕವನ್ನು ಒಪ್ಪಲಿಲ್ಲ. ಒಪ್ಪದಿದ್ದರೆ ಅರಸರ ಕಾಲದ ನಂತರ ಮೈಸೂರು ಪೂರ್ತಿಯಾಗಿ ಬ್ರಿಟಿಷ್ ಭೂಪಟದೊಳಗೆ ಸೇರಿಹೋಗುತ್ತಿತ್ತು, ಝಾನ್ಸಿ, ಸಾತಾರಾ, ನಾಗಪುರಗಳ ಹಾಗೆ.

ಆಗ ಮೈಸೂರಿನ ಪರ ಲಂಡನ್ನಿನಲ್ಲಿ ದನಿಗಳೆದ್ದವು. ಮೇಜರ್ ಎವಾನ್ಸ್ ಬೆಲ್ ಎಂಬ ಅಧಿಕಾರಿ ಪುಸ್ತಕವನ್ನೇ ಬರೆದರು. ಮೈಸೂರನ್ನು ನುಂಗಬೇಡಿ ಎಂಬ ಮನವಿಯನ್ನು ಕಾಮನ್ಸ್ ಸಭೆಗೆ ಒಪ್ಪಿಸಿದವರು ಜಾನ್ ಸ್ಟುವರ್ಟ್ ಮಿಲ್. ಅವರು ದೊಡ್ಡ ತತ್ತ್ವಜ್ಞಾನಿ, ಆಗ ಸಂಸತ್ ಸದಸ್ಯ. ಅದಕ್ಕೂ ಮೊದಲು ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ದುಡಿದವರು, ದೇಶೀಯ ಸಂಸ್ಥಾನಗಳ ಕಾಗದಪತ್ರ ನೋಡಿದವರು. ಕಚೇರಿಯಲ್ಲಿ ಫೈಲು ನೋಡಿದವರಿಗೆ ಒಳಗಿನ ಸತ್ಯ ಗೊತ್ತಿರುತ್ತದೆ ಎಂಬುದನ್ನು ನಾನು ಬಲ್ಲೆ.

1867ರ ಏಪ್ರಿಲ್ 16ರಂದು, ನಮ್ಮ ರೈಲಿನ ಹುಟ್ಟುಹಬ್ಬದ ದಿನವೇ, ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ಮೈಸೂರಿನ ದತ್ತಕವನ್ನು ಒಪ್ಪುವ ಆದೇಶ ಬರೆದರು. ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದಂದು, ಆ ವಿಷಯ ಕಾಮನ್ಸ್ ಸಭೆಯಲ್ಲಿ ಚರ್ಚೆಗೆ ಬಂತು. ನಾರ್ತ್‌ಕೋಟ್ ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಂಡರು. ಮೊಗಲರ ಸಾಮ್ರಾಜ್ಯ ದೊಡ್ಡದಾದದ್ದು ಈ ನೆಲದ ಜನರ ಬುದ್ಧಿ, ಸಾಮರ್ಥ್ಯಗಳನ್ನು ಬಳಸಿಕೊಂಡದ್ದರಿಂದ, ನಾವೂ ಅದರಿಂದ ಪಾಠ ಕಲಿಯಬೇಕು ಎಂಬುದು ಅವರ ಮಾತಿನ ಸಾರ. ಅವರಿಗಿಂತ ಮುಂಚೆ ಭಾರತ ಮಂತ್ರಿಯಾಗಿದ್ದ ಲಾರ್ಡ್ ಕ್ರ್ಯಾನ್‌ಬೋರ್ನ್ ಕೂಡ ಎದ್ದು ಬೆಂಬಲಿಸಿದರು. ಒಳ್ಳೆಯ ಆಡಳಿತವಿರುವ ಸಣ್ಣ ದೇಶೀಯ ಸಂಸ್ಥಾನಗಳಿಂದ ಭಾರತದ ಜನರ ರಾಜಕೀಯ, ನೈತಿಕ ಏಳಿಗೆಗೆ ತುಂಬ ಪ್ರಯೋಜನವಿದೆ ಎಂದರು. ಬ್ರಿಟಿಷ್ ಆಡಳಿತಕ್ಕೂ ಅದರದೇ ದೋಷಗಳಿವೆ, ಅದು ಜಡವಾಗಿ ಕಾಗದದ ಮೇಲೆ ತೆವಳುತ್ತದೆ, ಜವಾಬ್ದಾರಿಗೆ ಹೆದರುತ್ತದೆ ಎಂದೂ ಒಪ್ಪಿಕೊಂಡರು.

ಬ್ರಿಟಿಷ್ ಮಂತ್ರಿಯಾಗಿದ್ದವರ ಬಾಯಲ್ಲಿ ಈ ಮಾತು! ಹ್ಯಾನ್ಸಾರ್ಡ್ ಎಂದು ಕರೆಯುವ ಸಂಸತ್ತಿನ ಚರ್ಚೆಗಳ ಸಂಪುಟದಲ್ಲಿ ಅದು ಅಚ್ಚಾಯಿತು. ಸಭೆ ಮುಗಿಯಿತು, ಸದಸ್ಯರು ಮನೆಗೆ ಹೋದರು, ಬಹುಶಃ ಆಡಿದವರೂ ಮರೆತರು. ದಾದಾಭಾಯಿ ಮರೆಯಲಿಲ್ಲ. ಮೇ 24ರ ಆ ಇಬ್ಬರ ಮಾತುಗಳನ್ನು, ತಾರೀಖಿನ ಸಮೇತ, ಅವರು ತಮ್ಮ ಬರಹಗಳಲ್ಲಿ ಸಾಕ್ಷಿಗೆ ನಿಲ್ಲಿಸಿದರು. 1901ರ ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇದೇ.

ಮೈಸೂರಿನ ಕಥೆ ಮುಂದೆ ಏನಾಯಿತು? 1868ರಲ್ಲಿ ಮುಮ್ಮಡಿಯವರು ತೀರಿಕೊಂಡರು, ಚಾಮರಾಜೇಂದ್ರರು ಪಟ್ಟಕ್ಕೆ ಬಂದರು. ಆದರೆ ಅವರು ದೊಡ್ಡವರಾಗುವ ತನಕ ಆಡಳಿತ ಬ್ರಿಟಿಷರಲ್ಲೇ ಉಳಿಯಿತು. 1876ರಿಂದ 78ರ ಭೀಕರ ಬರ ಮೈಸೂರನ್ನೂ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ, ಕಲಾದಗಿ ಸೀಮೆಯನ್ನೂ ಬಡಿಯಿತು. 1881ರ ಮಾರ್ಚ್ 25ರಂದು ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗ ಅದರ ಜೊತೆ 80 ಲಕ್ಷ ರೂಪಾಯಿ ಸಾಲವೂ ಬಂತು. ವರ್ಷಕ್ಕೆ 24.5 ಲಕ್ಷವಿದ್ದ ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಬಂತು. ಬರದಿಂದಾಗಿ ಆ ಏರಿಕೆಯ ಜಾರಿಯನ್ನಷ್ಟೇ ಮುಂದೂಡಿದರು. ಕೊಡುವಾಗಲೂ ಲೆಕ್ಕ ಹಿಡಿದೇ ಕೊಟ್ಟರು ಅನ್ನಿ. ಆದರೂ ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಸಣ್ಣ ಸಂಸ್ಥಾನ ಒಳ್ಳೆಯದನ್ನು ಮಾಡಬಲ್ಲದು ಎಂದು ಕಾಮನ್ಸ್ ಸಭೆಯಲ್ಲಿ ಹೇಳಿದ್ದ ಮಾತನ್ನು ಕನ್ನಡ ನಾಡು ಮಾಡಿ ತೋರಿಸಿತು.

ದಾದಾಭಾಯಿಯವರ ಇನ್ನೊಂದು ಆಯುಧ ಲೆಕ್ಕ. 1876ರಲ್ಲಿ ಮುಂಬಯಿಯಲ್ಲಿ ಭಾರತದ ಬಡತನದ ಬಗ್ಗೆ ಓದಿದ ಪ್ರಬಂಧದಲ್ಲಿ, ಸರಕಾರದ್ದೇ ವರದಿಗಳಿಂದ ಪ್ರಾಂತಗಳ ಬೆಳೆ, ಬೆಲೆ ತೆಗೆದು ಕೂಡಿಸಿ ಕಳೆದು, ಬ್ರಿಟಿಷ್ ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 20 ರೂಪಾಯಿ ಆದಾಯ ಎಂದು ತೋರಿಸಿದರು. ಆಮೇಲೆ ಸರಕಾರದ್ದೇ ಜೈಲು ವರದಿ ತೆಗೆದರು. ಕೈದಿಯೊಬ್ಬನ ಊಟ, ಬಟ್ಟೆಗೆ ಸರಕಾರ ಮಾಡುತ್ತಿದ್ದ ವಾರ್ಷಿಕ ಖರ್ಚು 20 ರೂಪಾಯಿಗಿಂತ ಹೆಚ್ಚಿತ್ತು! ಕಳ್ಳತನ ಮಾಡಿ ಒಳಗೆ ಹೋದವನಿಗೆ ಸಿಗುವಷ್ಟೂ ನಿಯತ್ತಿನಿಂದ ದುಡಿದವನಿಗೆ ಇಲ್ಲ. ತಿಂಗಳ ಕೊನೆಯಲ್ಲಿ ಕಿರಾಣಿ ಚೀಟಿ ಹಿಡಿದು ಲೆಕ್ಕ ಹಾಕುವ ನಮಗೆ ಈ ಬಗೆಯ ವಾದ ಒಂದೇ ಏಟಿಗೆ ಅರ್ಥವಾಗುತ್ತದೆ. ಅಂಕಿ ನಿಮ್ಮದೇ, ಕೂಡಿಸಿದ್ದಷ್ಟೇ ನಾನು ಎಂದಾಗ ಎದುರಿನವರು ಏನು ಹೇಳಿಯಾರು?

ಈಗ ಆ ಕ್ರ್ಯಾನ್‌ಬೋರ್ನ್ ಅವರ ಕಡೆ ತಿರುಗೋಣ. ತಂದೆಯ ನಂತರ ಅವರು ಲಾರ್ಡ್ ಸಾಲ್ಸ್‌ಬರಿ ಆದರು. 1875ರಲ್ಲಿ, ಮತ್ತೆ ಭಾರತ ಮಂತ್ರಿಯಾಗಿದ್ದಾಗ, ಒಂದು ಟಿಪ್ಪಣಿ ಬರೆದರು. ಭಾರತದ ಮೈಯಿಂದ ರಕ್ತ ತೆಗೆಯಲೇಬೇಕಾಗಿರುವುದರಿಂದ, ಈಗಾಗಲೇ ಸೊರಗಿದ ರೈತನ ಭಾಗಕ್ಕೆ ಕತ್ತಿ ಹಾಕದೆ ರಕ್ತ ಹೆಚ್ಚಿರುವ ಕಡೆ ಹಾಕಬೇಕು ಎಂಬುದು ಅದರ ಅರ್ಥ. ಆಡಳಿತದ ಒಳಗಿನ ಟಿಪ್ಪಣಿ ಅದು. ದಾದಾಭಾಯಿಯವರ ಕೈಗೆ ಸಿಕ್ಕ ಮೇಲೆ ಅದಕ್ಕೆ ಬಿಡುಗಡೆಯೇ ಇಲ್ಲ. ಭಾಷಣ, ಪತ್ರ, ಪುಸ್ತಕಗಳಲ್ಲಿ ಮತ್ತೆ ಮತ್ತೆ ಅದನ್ನು ಎತ್ತಿದರು. ಭಾರತದ ರಕ್ತ ಹೋಗುತ್ತಿದೆ ಎಂದು ನಾನು ಹೇಳುತ್ತಿಲ್ಲ, ನಿಮ್ಮ ಮಂತ್ರಿಯೇ ಬರೆದಿದ್ದಾರೆ ನೋಡಿ ಎಂಬ ಧಾಟಿಯಲ್ಲಿ.

1886ರಲ್ಲಿ ದಾದಾಭಾಯಿ ಲಂಡನ್ನಿನ ಹೋಬರ್ನ್ ಕ್ಷೇತ್ರದಿಂದ ಸಂಸತ್ತಿಗೆ ಸ್ಪರ್ಧಿಸಿ ಸೋತರು. 1888ರ ನವೆಂಬರ್‌ನಲ್ಲಿ ಎಡಿನ್‌ಬರೋದಲ್ಲಿ ಮಾತಾಡುತ್ತ ಅದೇ ಸಾಲ್ಸ್‌ಬರಿ, ಈಗ ಪ್ರಧಾನಮಂತ್ರಿ, ಆ ಸೋಲನ್ನು ನೆನೆದರು. ನಮ್ಮ ಜನ ಎಷ್ಟೇ ಮುಂದುವರಿದಿರಲಿ, ಒಬ್ಬ ಕರಿಯನನ್ನು ಆರಿಸುವ ಮಟ್ಟಕ್ಕೆ ಬಂದಿದ್ದಾರೆಂದು ತನಗೆ ಅನಿಸುವುದಿಲ್ಲ ಎಂಬರ್ಥದ ಮಾತು ಆಡಿದರು. 1867ರಲ್ಲಿ ಮೈಸೂರಿನ ಜನರಿಗೆ ತಮ್ಮನ್ನು ಆಳಿಕೊಳ್ಳುವ ಯೋಗ್ಯತೆ ಇದೆ ಎಂದವರು, 1888ರಲ್ಲಿ ಒಬ್ಬ ಭಾರತೀಯನ ಬಣ್ಣ ನೋಡಿದರು. ಆ ಮಾತು ಪತ್ರಿಕೆಗಳಲ್ಲಿ ಅಚ್ಚಾಗಿ, ಕೋಲಾಹಲವೆದ್ದು, ದಾದಾಭಾಯಿಯವರ ಹೆಸರು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿತು. ಸಾಲ್ಸ್‌ಬರಿಯವರೇ ಪುಕ್ಕಟೆ ಪ್ರಚಾರ ಮಾಡಿಕೊಟ್ಟರು!

1892ರ ಜುಲೈನಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ದಾದಾಭಾಯಿ ಗೆದ್ದರು. ಅಂತರ 5 ಮತ. ಲಿಬರಲ್ ಪಕ್ಷದ ಸದಸ್ಯರಾಗಿ, ಜರತುಷ್ಟ್ರ ಧರ್ಮಗ್ರಂಥ ಅವೆಸ್ತಾದ ಮೇಲೆ ಪ್ರಮಾಣ ಸ್ವೀಕರಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಅವರು ದಾದಾಭಾಯಿಯವರ ಸಂಸತ್ ಪ್ರಯತ್ನವನ್ನು ಬೆಂಬಲಿಸಿದ್ದರು. ಆದರೆ ಜಗತ್ತಿಗೇ ಹೆಸರಾದ ಆ ಮಹಿಳೆಗೂ ಸಂಸತ್ತಿನ ಚುನಾವಣೆಯಲ್ಲಿ ಮತವಿರಲಿಲ್ಲ.

ಅವರ ಮೊದಲ ಭಾಷಣ 1892ರ ಆಗಸ್ಟ್ 9ರಂದು. ಒಬ್ಬ ಭಾರತೀಯನನ್ನು ಆರಿಸಿದ ಫಿನ್ಸ್‌ಬರಿಯ ಮತದಾರರಿಗೆ ಕೃತಜ್ಞತೆ ಹೇಳಿದರು. ಎರಡೇ ದಿನದಲ್ಲಿ ಆ ಸಭೆಯಲ್ಲಿ ಸಾಲ್ಸ್‌ಬರಿ ಸರಕಾರ 350ಕ್ಕೆ 310 ಮತಗಳಿಂದ ಬಿತ್ತು.

ಮೂರು ವರ್ಷದ ಅವಧಿಯಲ್ಲಿ ಅವರು ಎತ್ತಿದ ವಿಷಯಗಳಲ್ಲಿ ಎರಡು ದೊಡ್ಡವು. ಮೊದಲನೆಯದು ಐ.ಸಿ.ಎಸ್. ಪರೀಕ್ಷೆ. ಅದು ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ ಮಾತ್ರ. ಹಡಗು ಹತ್ತಿ, ಸಾವಿರಾರು ರೂಪಾಯಿ ಸುರಿದು, ಬಂಧುಗಳ ಬಹಿಷ್ಕಾರವನ್ನೂ ಎದುರಿಸಿ ಹೋಗುವ ಶಕ್ತಿ ಎಷ್ಟು ಮನೆಗಳಿಗಿತ್ತು? ಭಾರತದಲ್ಲೂ ಏಕಕಾಲಕ್ಕೆ ಪರೀಕ್ಷೆ ನಡೆಸಿ ಎಂಬುದು ಬೇಡಿಕೆ. ಇಲ್ಲೂ ದಾದಾಭಾಯಿಯವರ ರೀತಿ ಅದೇ. 1833ರ ಕಾಯಿದೆಯಲ್ಲಿ ಧರ್ಮ, ಹುಟ್ಟಿದ ಊರು, ಬಣ್ಣದ ಕಾರಣಕ್ಕೆ ಯಾರನ್ನೂ ಹುದ್ದೆಯಿಂದ ದೂರವಿಡುವುದಿಲ್ಲ ಎಂದು ಬರೆದವರು ನೀವು, 1858ರಲ್ಲಿ ರಾಣಿಯ ಹೆಸರಿನಲ್ಲಿ ಅದನ್ನೇ ಘೋಷಿಸಿದವರೂ ನೀವು, ಕೊಟ್ಟ ಮಾತು ಉಳಿಸಿಕೊಳ್ಳಿ ಎಂಬುದು ಅವರ ಪಟ್ಟು. 1893ರ ಜೂನ್ 2ರಂದು ಹರ್ಬರ್ಟ್ ಪಾಲ್ ಎಂಬ ಸದಸ್ಯರು ತಂದ ಠರಾವನ್ನು ದಾದಾಭಾಯಿ ಬೆಂಬಲಿಸಿದರು. ಅದು 84ಕ್ಕೆ 76 ಮತಗಳಿಂದ ಪಾಸಾಯಿತು! ಆದರೆ ಸರಕಾರ ಅದನ್ನು ಜಾರಿಗೆ ತರಲಿಲ್ಲ.

ಎರಡನೆಯದು ಖರ್ಚಿನ ಪಾಲು. 1895ರ ಫೆಬ್ರವರಿ 12ರಂದು ಅವರು ಒಂದು ತಿದ್ದುಪಡಿ ಮಂಡಿಸಿದರು. ಬ್ರಿಟಿಷ್ ಆಳ್ವಿಕೆ ಉಳಿಯಲೆಂದು ಭಾರತದಲ್ಲಿ ಯುರೋಪಿಯನ್ನರನ್ನು ಇಟ್ಟುಕೊಳ್ಳುವ ಖರ್ಚಿನಲ್ಲಿ ಬ್ರಿಟನ್ನೂ ನ್ಯಾಯವಾದ ಪಾಲು ಹೊರಬೇಕು ಎಂಬುದು ಅದರ ತಿರುಳು. ಅದು ಅಂಗೀಕಾರವಾಗಲಿಲ್ಲ. ಆದರೆ ಅದೇ ವರ್ಷ ಭಾರತದ ಖರ್ಚುವೆಚ್ಚದ ಬಗ್ಗೆ ಲಾರ್ಡ್ ವೆಲ್ಬಿ ಅವರ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ದಾದಾಭಾಯಿ ಅದರ ಸದಸ್ಯರಾದರು. ಅದರ ಮುಂದೆ 1897ರಲ್ಲಿ ಗೋಪಾಲಕೃಷ್ಣ ಗೋಖಲೆ, ದಿನಶಾ ವಾಚಾ ಮುಂತಾದವರು ಸಾಕ್ಷ್ಯ ನುಡಿದರು. ಆ ಪ್ರಶ್ನೋತ್ತರಗಳೆಲ್ಲ ಅಚ್ಚಾಗಿ ಉಳಿದವು.

1895ರ ಚುನಾವಣೆಯಲ್ಲಿ ದಾದಾಭಾಯಿ ಸೋತರು. ಮೂರು ವರ್ಷದಲ್ಲಿ ಅವರು ಗಳಿಸಿದ್ದೇನು ಎಂದು ಕೇಳಿದರೆ, ಜಾರಿಯಾಗದ ಒಂದು ಠರಾವು, ಅಂಗೀಕಾರವಾಗದ ಒಂದು ತಿದ್ದುಪಡಿ, ಒಂದು ಕಮಿಷನ್. ಪಟ್ಟಿ ಮಾಡಿದರೆ ಬಹಳವೇನೂ ಅಲ್ಲ. ನಾನೂ ಮೊದಲು ಹಾಗೆಯೇ ಅಂದುಕೊಂಡೆ.

ಆಮೇಲೆ ಇನ್ನೊಂದು ಚರ್ಚೆ ನೆನಪಾಯಿತು. ಮೈಸೂರಿನ ಚರ್ಚೆಗೆ ನಾಲ್ಕೇ ದಿನ ಮೊದಲು, 1867ರ ಮೇ 20ರಂದು, ಅದೇ ಕಾಮನ್ಸ್ ಸಭೆಯಲ್ಲಿ ಅದೇ ಮಿಲ್ ಎದ್ದು ನಿಂತಿದ್ದರು. ಮತದಾನದ ಹಕ್ಕಿನ ಮಸೂದೆಯಲ್ಲಿ ಪುರುಷ ಎಂದಿರುವ ಕಡೆ ವ್ಯಕ್ತಿ ಎಂದು ಬದಲಿಸಿ ಎಂದರು. ಒಂದೇ ಒಂದು ಶಬ್ದ. ಅದರ ಹಿಂದಿನ ವರ್ಷವಷ್ಟೇ ಸುಮಾರು 1,500 ಮಹಿಳೆಯರು ಸಹಿ ಹಾಕಿದ ಅರ್ಜಿಯನ್ನು ಅವರು ಸಭೆಗೆ ಒಪ್ಪಿಸಿದ್ದರು. ಮತಕ್ಕೆ ಹಾಕಿದಾಗ ಪರ 73, ವಿರುದ್ಧ 196. ಸೋಲೇ. ಆದರೆ ಆ 73ರ ಅಂಕಿ ದಾಖಲೆಯಲ್ಲಿ ಉಳಿಯಿತು. ನಂತರದ ಹೆಂಗಸರು ಅಲ್ಲಿಂದ ಮುಂದಕ್ಕೆ ಎಣಿಸಿದರು. ಬ್ರಿಟನ್ನಿನಲ್ಲಿ 1918ರಲ್ಲಿ ಕೆಲವು ಮಹಿಳೆಯರಿಗೆ, 1928ರಲ್ಲಿ ಪುರುಷರಿಗೆ ಸಮನಾಗಿ ಮತದ ಹಕ್ಕು ಬಂತು. ನಮ್ಮ ಮುಂಬಯಿ ಪ್ರಾಂತದ ವಿಧಾನ ಪರಿಷತ್ತು 1921ರಲ್ಲೇ ಮಹಿಳೆಯರ ಮತದಾನಕ್ಕಿದ್ದ ತಡೆಯನ್ನು ತೆಗೆಯಿತು.

ಒಂದೇ ವಾರದಲ್ಲಿ, ಒಂದೇ ಸಭೆಯಲ್ಲಿ, ಅಲ್ಲಿ ಕೂರಲು ಜಾಗವೇ ಇಲ್ಲದ ಇಬ್ಬರ ಭವಿಷ್ಯ ಚರ್ಚೆಯಾಯಿತು. ಒಬ್ಬರು ಮೈಸೂರಿನ ಕನ್ನಡಿಗರು, ಇನ್ನೊಬ್ಬರು ಹೆಂಗಸರು. ಇಬ್ಬರೂ ಆ ಬಾಗಿಲಿಗೆ ಬಂದದ್ದು ಬರೆದ ಅರ್ಜಿಯ ರೂಪದಲ್ಲಿ. ಒಬ್ಬರಿಗೆ ಹದಿನಾಲ್ಕು ವರ್ಷದಲ್ಲಿ ಫಲ ಸಿಕ್ಕಿತು, ಇನ್ನೊಬ್ಬರಿಗೆ ಅರ್ಧ ಶತಮಾನ ಬೇಕಾಯಿತು. ಬರೆಯದಿದ್ದರೆ ಇಬ್ಬರಿಗೂ ಸಿಗುತ್ತಿರಲಿಲ್ಲ.

ದಾದಾಭಾಯಿಯವರ ಗಳಿಕೆಯನ್ನೂ ಹಾಗೆಯೇ ನೋಡಬೇಕು ಎಂದು ಈಗ ನನಗೆ ಅನ್ನಿಸುತ್ತದೆ. ಅವರು ಮೂರು ವರ್ಷ ಸಂಸತ್ತಿನ ಕಡತಕ್ಕೆ ಭಾರತದ ಲೆಕ್ಕವನ್ನು ತುಂಬಿದರು. ಕೊಟ್ಟ ಭರವಸೆ ಯಾವುದು, ತಾರೀಖು ಯಾವುದು, ತಪ್ಪಿದ್ದು ಎಲ್ಲಿ ಎಂದು ಬರೆಸಿಟ್ಟರು. 1906ರಲ್ಲಿ, 81ನೆಯ ವಯಸ್ಸಿನಲ್ಲಿ, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಅವರು ಸ್ವರಾಜ್ಯ ಎಂಬ ಗುರಿಯನ್ನು ಹೇಳಿದಾಗ ಅದರ ಹಿಂದೆ ನಾಲ್ಕು ದಶಕಗಳ ಬರವಣಿಗೆಯ ರಾಶಿಯಿತ್ತು. ಕೇಳಿದ್ದೇವೆ, ಬೇಡಿದ್ದೇವೆ, ಒಪ್ಪಿಸಿದ್ದೇವೆ, ನೀವೇ ಒಪ್ಪಿದ್ದೀರಿ, ಆದರೂ ಕೊಟ್ಟಿಲ್ಲ ಎಂದು ಪುಟ ತೆಗೆದು ತೋರಿಸಲು ಸಾಧ್ಯವಿತ್ತು. 1917ರ ಜೂನ್ 30ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು.

ಅಂದಿನ ಚರ್ಚೆಗಳು ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಮೊಬೈಲಿನಲ್ಲೇ 1867ರ ಮೇ 24 ಎಂದು ಹುಡುಕಿ, ಮೈಸೂರಿನ ಪುಟ ತೆರೆಯಬಹುದು. ಕಲ್ಯಾಣದಿಂದ ಸಿಎಸ್‌ಎಂಟಿಯ ತನಕದ ಪ್ರಯಾಣದಲ್ಲಿ ಓದಲು ಅಡ್ಡಿಯಿಲ್ಲ, ಕೂರಲು ಸೀಟು ಸಿಕ್ಕರೆ!

ಕಳೆದ ವರ್ಷ ನಮ್ಮ ಮಹಿಳಾ ಬಳಗದ ಸಭೆಯಲ್ಲಿ ಈ ಸಂಗತಿಗಳನ್ನು ಹೇಳಿದೆ. ಹಳದಿ ಕುಂಕುಮ, ಹಾಡು, ಚಹಾ ಎಲ್ಲ ಮುಗಿದ ಮೇಲೆ ನೂರು ಪುಟದ ಒಂದು ನೋಟುಬುಕ್ ತೆಗೆದೆವು. ಸರದಿಯ ಮೇಲೆ ಒಬ್ಬೊಬ್ಬರು ನಡಾವಳಿ ಬರೆಯಬೇಕು. ಯಾರು ಏನು ಕೇಳಿದರು, ಯಾರು ಒಪ್ಪಿದರು, ಯಾರು ಬೇಡವೆಂದರು, ತಾರೀಖು, ಕೆಳಗೆ ಸಹಿ. ಅಡ್ಡ ಬಂದ ಮಾತನ್ನೂ ಬರೆಯಬೇಕು ಎಂದು ನಾನು ಹಟ ಹಿಡಿದೆ. "ಅಯ್ಯೋ, ಜಗಳವನ್ನೂ ಬರೆಯುವುದಾ ಅಕ್ಕಾ?" ಎಂದು ಒಬ್ಬರು ನಕ್ಕರು. ಬರೆಯಿರಿ ತಾಯಿ, ಸಾಲ್ಸ್‌ಬರಿಯವರ ಮಾತು ಬರೆದಿಟ್ಟದ್ದರಿಂದಲೇ ಅಲ್ಲವೇ ದಾದಾಭಾಯಿಯವರಿಗೆ ಉಪಯೋಗವಾದದ್ದು ಎಂದೆ. ಈಗ ಆ ಪುಸ್ತಕದಲ್ಲಿ ನಲವತ್ತು ಪುಟ ತುಂಬಿವೆ. ಸುಂದರ ಅಕ್ಷರದವೂ ಇವೆ, ಕೋಳಿ ಕೆದರಿದಂಥವೂ ಇವೆ.

ಈ ಇ-ಸಂಚಿಕೆ ವಾಟ್ಸ್‌ಆ್ಯಪ್‌ನಲ್ಲಿ ನನ್ನ ಹಿರಿಯ ಮಗಳಿಗೂ ಹೋಗುತ್ತದೆ. ಅವಳು ನವಿ ಮುಂಬಯಿಯಲ್ಲಿದ್ದಾಳೆ. ನನ್ನ ಫೋಟೊ ಗುರುತಿಸಿ, ಶೀರ್ಷಿಕೆಯ ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ, ರಾತ್ರಿ ಫೋನ್ ಮಾಡುತ್ತಾಳೆ. "ಅಮ್ಮಾ, ಏನು ಬರೆದಿದ್ದೀ, ಓದಿ ಹೇಳು" ಎನ್ನುತ್ತಾಳೆ. ಓದಿ ಹೇಳುತ್ತೇನೆ. ಅವಳ ಮಗನಿಗೆ ಈಗ ಆರು ವರ್ಷ. ಅವರ ಕಡೆಯ ಬಳಗವೊಂದು ಭಾನುವಾರದ ಕನ್ನಡ ತರಗತಿಯ ವಿಚಾರ ಎತ್ತಿದೆಯಂತೆ, ಎಲ್ಲರೂ ಹೂಂ ಎಂದಿದ್ದಾರಂತೆ.

"ಬರೆದುಕೊಂಡರೇನು?" ಎಂದು ಕೇಳಿದ್ದೇನೆ. ವಿಚಾರಿಸಿ ಹೇಳುತ್ತೇನೆ ಎಂದಿದ್ದಾಳೆ.